ಒಂದೇ ಅಳತೆಯ ಲಿವರ್ ಕಾಳು: ಮಡಿಕೇರಿಯಲ್ಲಿ ಹದಿನಾಲ್ಕು ತಿಂಗಳು

ಕಳೆದ ವಾರ ಮೂರನೇ ಬ್ಯಾಚೂ ಅಳತೆಗೆ ಬಂತು. ಹಂಚಿನ 256 ಗುಳಿಗಳಲ್ಲಿ 247ರಲ್ಲಿ ಒಂದೊಂದೇ ಕಾಳು, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಲಿವರ್ ಕೋಶಗಳ ಪುಟ್ಟ ಉಂಡೆ. ಎಲ್ಲವೂ ಹೆಚ್ಚುಕಡಿಮೆ ಚಿರೋಟಿ ರವೆಯ ಗಾತ್ರ, ಅಡ್ಡಳತೆಯ ಏರುಪೇರು ನೂರಕ್ಕೆ ಒಂಬತ್ತು. ಸತತ ಮೂರು ಸಲ ಹತ್ತರ ಕೆಳಗೆ ಬಂದ ಮೇಲೆಯೇ ಔಷಧ ಹಾಕುವುದು ಎಂದು ನಮ್ಮ ಲ್ಯಾಬಿನ ಮೇಡಂ ಗೋಡೆಗೆ ಚೀಟಿ ಅಂಟಿಸಿ ಆರು ತಿಂಗಳಾಗಿತ್ತು. ಮಳೆಗಾಲದ ತೇವಕ್ಕೆ ಆ ಚೀಟಿ ಒಮ್ಮೆ ಉದುರಿ, ಮತ್ತೆ ಟೇಪು ಹಾಕಿಸಿಕೊಂಡು, ಈಗ ಅಂಚೆಲ್ಲ ಕಪ್ಪಗೆ ಬೂಸ್ಟು ಹಿಡಿದು ನಿಂತಿದೆ.

ಹೋದ ವರ್ಷ ಜೂನ್‌ನಲ್ಲಿ ಶುರು ಮಾಡುವಾಗ ನಾಲ್ಕು ತಿಂಗಳ ಕೆಲಸ ಎಂದುಕೊಂಡಿದ್ದೆ. ಹದಿನಾಲ್ಕು ಹಿಡಿಯಿತು. ಸಣ್ಣ ಊರಿನ ಸಣ್ಣ ಲ್ಯಾಬಿನಲ್ಲಿ ಕೂತು ಸ್ಟೆಮ್ ಸೆಲ್‌ನಿಂದ ಲಿವರ್ ಆರ್ಗನಾಯ್ಡ್ (ನಾನು ಕಾಳು ಎನ್ನುವುದು ಇದನ್ನೇ) ಬೆಳೆಸಲು ಹೊರಡುವವರು ಇನ್ನೂ ಒಂದಿಬ್ಬರಾದರೂ ಇದ್ದಾರು. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಸಂಶೋಧನಾ ಪತ್ರಿಕೆಗಳಲ್ಲಿ 'ಕೋಶಗಳನ್ನು ಗುಳಿಗಳಿಗೆ ತುಂಬಲಾಯಿತು' ಎಂದು ಒಂದು ಸಾಲು ಇರುತ್ತದೆ. ಆ ಒಂದು ಸಾಲೇ ನನ್ನ ನಾಲ್ಕು ತಿಂಗಳು ತಿಂದದ್ದು.

ಕೆಲಸ ಏನೆಂದು ಅವ್ವನಿಗೆ ಮೊದಲ ಸಲ ಹೇಳಿದಾಗ ಅವಳು ಜಗಲಿಯಲ್ಲಿ ಕರಿಮೆಣಸು ಬಿಡಿಸುತ್ತಾ ಕೂತಿದ್ದಳು. "ಲಿವರ್ ಬೆಳೆಸ್ತೀಯಾ? ಯಾರಿಗೆ ಹಾಕ್ಲಿಕ್ಕೆ?" ಯಾರಿಗೂ ಅಲ್ಲವ್ವ, ಮಾತ್ರೆ ಪರೀಕ್ಷೆ ಮಾಡ್ಲಿಕ್ಕೆ ಎಂದೆ. "ಹಾಗಾದ್ರೆ ಸಣ್ಣದೇ ಸಾಕು ಬಿಡು" ಎಂದು ತೀರ್ಮಾನ ಕೊಟ್ಟು ಮತ್ತೆ ಮೆಣಸಿಗೆ ಕೈ ಹಾಕಿದಳು. ವಿಷಯ ಅಷ್ಟೇ ನೋಡಿ. ಬೆಳೆದ ಮನುಷ್ಯನ ಚರ್ಮದ ಅಥವಾ ರಕ್ತದ ಕೋಶವನ್ನು ಮತ್ತೆ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಎಳೆಯ ಸ್ಟೆಮ್ ಸೆಲ್ ಸ್ಥಿತಿಗೆ ತಿರುಗಿಸಬಹುದು ಎಂದು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ತೋರಿಸಿದರು. 2012ರ ನೊಬೆಲ್ ಅದಕ್ಕೇ ಬಂತು. ಅಂಥ ಐಪಿಎಸ್ ಕೋಶಗಳಿಂದ ಪುಟಾಣಿ ಲಿವರ್ ಮೊಗ್ಗು ಬೆಳೆಸಿ 2013ರಲ್ಲಿ ತೋರಿಸಿದವರು ಯೊಕೊಹಾಮದ ತಕನೊರಿ ತಕೆಬೆ ತಂಡದವರು. ಇಲಿಯ ಲಿವರ್ ತಡೆದುಕೊಂಡ ಔಷಧ ಮನುಷ್ಯರ ಲಿವರ್ ಕೆಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಟ್ರೊಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆಯನ್ನು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದದ್ದು ಈ ಕಾರಣಕ್ಕೇ. ನಮ್ಮಲ್ಲೂ 2023ರಲ್ಲಿ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ಬಂದು, ಪ್ರಾಣಿಗಳ ಬದಲು ಆರ್ಗನಾಯ್ಡ್‌ನಂಥವುಗಳ ಮೇಲೆ ಮಾಡಿದ ಪರೀಕ್ಷೆಗೂ ದಾರಿ ತೆರೆಯಿತು. ನಮ್ಮ ಪ್ರಾಜೆಕ್ಟಿಗೆ ದುಡ್ಡು ಸಿಕ್ಕಿದ್ದರ ಹಿಂದೆ ಆ ತಿದ್ದುಪಡಿಯ ಗಾಳಿಯೂ ಇತ್ತು.

ಮೊದಲ ಮೂರು ತಿಂಗಳು ನಾನು ಒಂದೇ ಒಂದು ಕೋಶ ನೋಡಲಿಲ್ಲ. ಬರೀ ಕಾಗದ. ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿಯವರ (ಜೈವಿಕ ತಂತ್ರಜ್ಞಾನ ಇಲಾಖೆ) 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಸಂಶೋಧನೆಗೆ ಸಂಸ್ಥೆಯ ಮಟ್ಟದ ಸ್ಟೆಮ್ ಸೆಲ್ ಸಮಿತಿ ಇರಬೇಕು, ಆ ಸಮಿತಿ ರಾಷ್ಟ್ರಮಟ್ಟದಲ್ಲಿ ನೋಂದಣಿ ಆಗಿರಬೇಕು. ನಮ್ಮಲ್ಲಿ ಇದ್ದದ್ದು ಸಾಮಾನ್ಯ ನೈತಿಕ ಸಮಿತಿ ಮಾತ್ರ. ಹೊಸದಾಗಿ ಕಟ್ಟುತ್ತಾ ಕೂತರೆ ವರ್ಷವೇ ಹೋದೀತೆಂದು ಮೈಸೂರಿನ ಸಹಭಾಗಿ ಸಂಸ್ಥೆಯೊಂದರ ಸಮಿತಿಯ ಮೂಲಕ ಹೋದೆವು. ಅರ್ಜಿ ಎರಡು ಸಲ ವಾಪಸ್ ಬಂತು. ಮೊದಲನೆಯ ಸಲ ಕೋಶ ಕೊಟ್ಟ ದಾನಿಯ ಒಪ್ಪಿಗೆ ಪತ್ರದ ನಮೂನೆ ಇಲ್ಲವೆಂದು, ಎರಡನೆಯ ಸಲ ಕೆಲಸ ಮುಗಿದ ಮೇಲೆ ಉಳಿದ ಕೋಶ ಏನು ಮಾಡುತ್ತೀರಿ ಎಂಬ ಕಾಲಂ ಖಾಲಿ ಇತ್ತೆಂದು. ಎರಡೂ ನ್ಯಾಯವೇ, ನನ್ನದೇ ಉದಾಸೀನ. ನಿಮ್ಮದೂ ಇದೇ ದಾರಿಯಾದರೆ ಒಂದು ಕೆಲಸ ಮಾಡಿ: ಕೋಶ ಕಳಿಸುವ ಬ್ಯಾಂಕಿನವರಿಂದ ದಾನಿ ಒಪ್ಪಿಗೆಯ ಪ್ರಮಾಣಪತ್ರ, ಕ್ರೋಮೋಸೋಮ್ ವರದಿ, ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಇಲ್ಲವೆಂಬ ವರದಿ ಮೂರನ್ನೂ ಅರ್ಜಿಗೆ ಮುಂಚೆಯೇ ತರಿಸಿ ಇಟ್ಟುಕೊಳ್ಳಿ. ಜೈವಿಕ ಸುರಕ್ಷತಾ ಸಮಿತಿಯ ಪತ್ರ, ವಸ್ತು ವರ್ಗಾವಣೆ ಒಪ್ಪಂದಕ್ಕೆ ಪ್ರಾಂಶುಪಾಲರ ಸಹಿ, ಇವನ್ನೂ ಅದೇ ಹೊತ್ತಿಗೆ ಓಡಿಸಿ. ಒಂದಾದ ಮೇಲೊಂದು ಎಂದು ಕೂತರೆ ಕೆಟ್ಟಿರಿ.

ಕೋಶದ ಪೆಟ್ಟಿಗೆ ಬಂದದ್ದು ದಸರೆ ಹೊತ್ತಿಗೆ. ಮೈನಸ್ 78 ಡಿಗ್ರಿಯ ಒಣ ಐಸಿನಲ್ಲಿ ಹೂತ ಎರಡು ಪುಟ್ಟ ಸೀಸೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಎರಡು ದಿನ ಹೆಚ್ಚಿಗೆ ಕೂತಿತ್ತು. ಏಜೆಂಟಿನವರು ಐಸು ತುಂಬಿಸಿದ್ದೇವೆ ಎಂದರು. ಮಡಿಕೇರಿಯಲ್ಲಿ ಅವತ್ತು ದಶಮಂಟಪಗಳ ಮೆರವಣಿಗೆಯ ರಾತ್ರಿ. ಊರೊಳಗೆ ವಾಹನ ಬಿಡುವ ಮಾತೇ ಇಲ್ಲ. ಕುಶಾಲನಗರದಲ್ಲೇ ಇಳಿಸಿ ಹೋಗುತ್ತೇನೆ, ನಾಳಿದ್ದು ಬಂದು ತೆಗೆದುಕೊಳ್ಳಿ ಎಂದ ಗಾಡಿಯವನಿಗೆ ಫೋನಿನಲ್ಲೇ ಕೈ ಮುಗಿದು, ಚಿಕ್ಕಪ್ಪನ ಮಗನ ಜೀಪಿನಲ್ಲಿ ಹೊರಟೆ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಎದುರಿನಿಂದ ಹಬ್ಬ ನೋಡಲು ಬರುವ ಗಾಡಿಗಳ ಸಾಲು. ನಾವೊಬ್ಬರೇ ಉಲ್ಟಾ. ಪೆಟ್ಟಿಗೆ ತೆರೆದಾಗ ತಳದಲ್ಲಿ ಒಂದು ಹಿಡಿ ಐಸು ಹೊಗೆಯಾಡುತ್ತಿತ್ತು. ಅಷ್ಟೇ.

ವಾಪಸ್ ಬಂದರೆ ನಮ್ಮ ದ್ರವ ಸಾರಜನಕದ ಕ್ಯಾನಿನಲ್ಲಿ ಮಟ್ಟ ಇಳಿದಿತ್ತು. ತುಂಬಿಸುವವರು ಹಬ್ಬ ಕಳೆಯದೆ ಬರುವುದಿಲ್ಲ. ಆಗ ನಮ್ಮ ಅಟೆಂಡರ್ ಅಣ್ಣ, "ದನದ ಆಸ್ಪತ್ರೆಯಲ್ಲಿ ಕೇಳಿದ್ರೆ ಆಗ್ಲಿಕ್ಕಿಲ್ವಾ?" ಎಂದರು. ನನಗೆ ಹೊಳೆದೇ ಇರಲಿಲ್ಲ. ಹಸುಗಳ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವುದೂ ಅದೇ ಮೈನಸ್ 196 ಡಿಗ್ರಿಯ ಸಾರಜನಕದಲ್ಲಿ. ಡಾಕ್ಟರು ರಾತ್ರಿ ಹನ್ನೊಂದಕ್ಕೆ ಎದ್ದು ಬಂದು ನಾಲ್ಕು ಲೀಟರ್ ಸುರಿದುಕೊಟ್ಟರು. ಸಣ್ಣ ಊರಿನಲ್ಲಿ ಕೆಲಸ ಮಾಡುವವರು ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಪಶುವೈದ್ಯರನ್ನು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಒಂದು ಸೀಸೆ ಕರಗಿಸಿದೆವು. ಮೂರು ದಿನ ಪ್ಲೇಟಿನಲ್ಲಿ ಬರೀ ಸತ್ತ ಕೋಶಗಳ ಕಸ. ನಾಲ್ಕನೇ ದಿನ ಒಂದು ಮೂಲೆಯಲ್ಲಿ ಅಂಚು ತಿದ್ದಿದಂತೆ ಹೊಳೆಯುವ ಒಂದು ಗುಂಪು ಕಂಡಾಗ ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಅಳುತ್ತಿದ್ದೆ ಎಂದು ಅಣ್ಣ ಈಗಲೂ ಎಲ್ಲರಿಗೂ ಹೇಳುತ್ತಾರೆ. ಈ ಕೋಶಗಳಿಗೆ ದಿನಾ ಹೊಸ ಮೀಡಿಯಾ, ಅಂದರೆ ಪೋಷಕ ದ್ರವ, ಬೇಕು. ಭಾನುವಾರವಿಲ್ಲ, ಪುತ್ತರಿಯಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ತೆಗೆಯುವ ಹೊತ್ತಿಗೆ ಗದ್ದೆಯಲ್ಲಿರಬೇಕಾದವಳು ಶುದ್ಧ ಗಾಳಿಯ ಹುಡ್‌ನ ಮುಂದೆ ಕೂತಿದ್ದೆ. ಕೋವಿ ಸದ್ದು ಕಿಟಕಿಯಿಂದ ಕೇಳಿಸಿತು. ಮನೆಯವರ ಮುನಿಸು ತೀರಲು ಎರಡು ವಾರ ಬೇಕಾಯಿತು. ಇಬ್ಬರಾದರೂ ಸೇರಿ ಮಾಡಬೇಕಾದ ಕೆಲಸ ಇದು. ಒಬ್ಬರೇ ಹೊರಟರೆ ಕೋಶ ಬದುಕೀತು, ನೀವು ಉಳಿಯುವುದಿಲ್ಲ.

ಕೋಶವನ್ನು ಲಿವರ್ ದಾರಿಗೆ ತಿರುಗಿಸುವ ಹಂತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಎಲ್ಲೆಡೆ ಸಿಗುತ್ತದೆ, ಮತ್ತು ಹೇಳಿದಂತೆ ಮಾಡಿದರೆ ನಡೆಯುತ್ತದೆ. ಕೋಶಕ್ಕೆ ದಾರಿ ತೋರುವ ಪ್ರೋಟೀನು, ರಾಸಾಯನಿಕಗಳನ್ನು ಒಂದಾದ ಮೇಲೊಂದು ಹಾಕುವುದಷ್ಟೇ: ಮೊದಲ ಮೂರು ದಿನ ಆಕ್ಟಿವಿನ್ ಎ, ಎಂಎಲ್‌ಗೆ 100 ನ್ಯಾನೋಗ್ರಾಂ, ಮೊದಲ ದಿನ ಜೊತೆಗೆ ಸಿಎಚ್ಐಆರ್. ಆಮೇಲೆ ಐದು ದಿನ ಬಿಎಂಪಿ4 ಮತ್ತು ಎಫ್‌ಜಿಎಫ್2. ಮುಂದೆ ಎಚ್‌ಜಿಎಫ್, ಆಂಕೋಸ್ಟಾಟಿನ್, ಡೆಕ್ಸಾಮೆಥಸೋನ್. ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸುವ ಫ್ಲೋ ಸೈಟೋಮೀಟರ್ ನಮ್ಮಲ್ಲಿ ಇಲ್ಲ. ಮೂರನೇ ದಿನದ ಕೋಶಗಳನ್ನು ಫಾರ್ಮಾಲ್ಡಿಹೈಡ್‌ನಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಮೈಸೂರಿಗೆ ಕಳಿಸಿ ಕೋಶ ಸರಿದಾರಿಯಲ್ಲಿದೆ ಎನ್ನುವ ಗುರುತಾದ ಸಾಕ್ಸ್17 ಪ್ರೋಟೀನ್ ನೋಡಿಸುತ್ತಿದ್ದೆವು. ಒಂದೇ ಒಂದು ಮಾತು: ಈ ಹಂತದಲ್ಲೇ ಕಾಲು ಭಾಗ ಕೋಶ ದಾರಿ ತಪ್ಪಿದ್ದರೆ ಮುಂದೆ ಗಾತ್ರ ಎಷ್ಟೇ ಸಮ ಇದ್ದರೂ ಒಳಗಿನದು ಸಮ ಇರುವುದಿಲ್ಲ. ಅಂಥ ಬ್ಯಾಚನ್ನು ಆಕ್ಟಿವಿನ್ ದುಡ್ಡು ನೆನೆದು ಕರುಳು ಚುರುಕ್ ಎಂದರೂ ಎಸೆಯಿರಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮ್ಯಾಟ್ರಿಜೆಲ್ ಕಾಲ. ಇಲಿಯ ಗೆಡ್ಡೆಯಿಂದ ತೆಗೆಯುವ ಈ ಅಂಟು ತಣ್ಣಗಿದ್ದಾಗ ನೀರು, ಹತ್ತು ಡಿಗ್ರಿ ದಾಟಿದರೆ ಗಟ್ಟಿಯಾಗಲು ಶುರು. ಮಡಿಕೇರಿಯ ಚಳಿಯಲ್ಲವೇ ಎಂದು ನಾನು ಪಿಪೆಟ್ ತುದಿಗಳನ್ನು ಫ್ರಿಜ್ಜಿನಲ್ಲಿ ಇಡದೆ ಬಳಸಿದೆ. ನಲವತ್ತು ಸಾವಿರ ದಾಟಿದ ಬಾಟಲಿಯಲ್ಲಿ ಕಾಲು ಭಾಗ ತುದಿಯೊಳಗೇ ಹೆಪ್ಪುಗಟ್ಟಿತು. ಅದು ಬಿಡಿ. ಅಂಟಿನ ಹನಿಯೊಳಗೆ ಕೋಶ ಬಿತ್ತಿ ಬೆಳೆಸಿದರೆ ಆರ್ಗನಾಯ್ಡ್‌ಗಳು ಚೆನ್ನಾಗಿಯೇ ಬಂದವು, ಆದರೆ ಸಾಸಿವೆ ಪಕ್ಕದಲ್ಲಿ ಬಟಾಣಿ ಎನ್ನುವ ಹಾಗೆ: ಒಂದು 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್), ಪಕ್ಕದ್ದು 450. ಏರುಪೇರು ನೂರಕ್ಕೆ ನಲವತ್ತೈದು. ಉತ್ಸಾಹದಲ್ಲಿ ಅವುಗಳ ಮೇಲೇ ಪ್ಯಾರಸಿಟಮಾಲ್ ಹಾಕಿ ನೋಡಿದೆ. ಬಂದ ಗ್ರಾಫಿನಲ್ಲಿ ಒಂದು ಡೋಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಲು ಆಗುತ್ತಿರಲಿಲ್ಲ.

ಕಾಫಿ ಹುರಿಯುವವರಿಗೆ ಇದು ಹೊಸದಲ್ಲ. ಜರಡಿ ಹಿಡಿಯದ ಬೀಜ ಬಾಣಲೆಗೆ ಬಿದ್ದರೆ ಸಣ್ಣದು ಕರಕಲು, ದೊಡ್ಡದು ಹಸಿ. ಇಲ್ಲೂ ಹಾಗೇ. ಕಾಳಿನ ಅಡ್ಡಳತೆ ನೂರಕ್ಕೆ ಹತ್ತು ಹೆಚ್ಚಿದರೆ ಗಾತ್ರ, ಅಂದರೆ ಘನ ಅಳತೆ, ನೂರಕ್ಕೆ ಮೂವತ್ತಮೂರು ಹೆಚ್ಚುತ್ತದೆ, ಅಡ್ಡಳತೆ ಎರಡರಷ್ಟಾದರೆ ಗಾತ್ರ ಎಂಟರಷ್ಟು. ನಾವು ಕೊನೆಗೆ ಅಳೆಯುವುದು ಬದುಕಿರುವ ಕೋಶಗಳ ಎಟಿಪಿ, ಅಂದರೆ ಕೋಶದ ಇಂಧನ; ಎಟಿಪಿ ಇದ್ದಷ್ಟು ಬೆಳಕು ಬರುವಂತೆ ಮಾಡಿ ಆ ಬೆಳಕನ್ನು ಓದುತ್ತೇವೆ. ಅದು ಗಾತ್ರಕ್ಕೆ ತಕ್ಕಂತೆ ಏರುತ್ತದೆ, ಔಷಧಕ್ಕೂ ಅದಕ್ಕೂ ಸಂಬಂಧವೇ ಇಲ್ಲದೆ. ಇದರ ಮೇಲೆ, ತೀರ ದೊಡ್ಡ ಕಾಳಿನ ನಡುಭಾಗಕ್ಕೆ ಆಮ್ಲಜನಕ ತಲುಪದೆ ಅಲ್ಲಿಯ ಕೋಶ ತಾನಾಗಿ ಸಾಯುತ್ತದೆ, ಸಾಯಿಸಿದ ಹೆಸರು ಮಾತ್ರೆಗೆ. ಮೇಡಂ ಗ್ರಾಫನ್ನು ಒಂದು ನಿಮಿಷ ನೋಡಿ ಏನೂ ಹೇಳದೆ ಎದ್ದುಹೋಗಿ ಆ ಚೀಟಿ ಬರೆದು ತಂದರು.

ಹಾಗೆ ಮಾರ್ಚ್‌ನಲ್ಲಿ ಗುಳಿಯಪ್ಪದ ಹಂಚಿಗೆ ಬಂದೆವು. ಪಡ್ಡು ಎಲ್ಲ ಒಂದೇ ಗಾತ್ರಕ್ಕೆ ಬರುವುದು ಹಿಟ್ಟಿನ ಗುಣದಿಂದಲ್ಲ, ಗುಳಿಯಿಂದ ಮತ್ತು ಸೌಟಿನ ಅಳತೆಯಿಂದ. ತಯಾರಾದ ಗುಳಿ ಪ್ಲೇಟುಗಳು ಸಿಗುತ್ತವೆ, ನಮ್ಮ ಕೈಗೆ ಎಟಕುವ ಬೆಲೆಯಲ್ಲ. ಸಿಲಿಕೋನ್ ಅಚ್ಚು ತರಿಸಿ ಅದರಲ್ಲಿ ಶೇಕಡ ಎರಡರ ಅಗರೋಸ್ ಎಂಬ ಜೆಲ್ ಕರಗಿಸಿ ಹೊಯ್ದರೆ ಕೋಶ ಅಂಟಿಕೊಳ್ಳದ ಹಂಚು ಸಿದ್ಧ. ಒಂದು ಹಂಚಿಗೆ 256 ಗುಳಿ, ಒಂದೊಂದು 400 ಮೈಕ್ರಾನ್ ಅಗಲ. ಗುಳಿಗೆ 500 ಕೋಶ ಎಂದರೆ ಹಂಚಿಗೆ 1,28,000. ಅದನ್ನು 190 ಮೈಕ್ರೋಲೀಟರಿನಲ್ಲಿ ಹಾಕಬೇಕು, ಅಂದರೆ ಎಂಎಲ್‌ಗೆ ಸುಮಾರು 6.7 ಲಕ್ಷ ಕೋಶ. ಬಿಡಿಬಿಡಿಯಾದ ಕೋಶ ಸಾಯದಿರಲು ಮೊದಲ 24 ಗಂಟೆ ರಾಕ್ ಇನ್ಹಿಬಿಟರ್ ಕಡ್ಡಾಯ. ಅಗರೋಸ್ ಹೊಯ್ಯುವಾಗ ಗುಳ್ಳೆ ಬಂದರೆ ಅಲ್ಲಿ ಗುಳಿಯೇ ಇರುವುದಿಲ್ಲ. ಬಿಸಿಯಿರುವಾಗಲೇ ನಿಧಾನ ಹೊಯ್ಯಿರಿ, ಆರಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ಒಂದೊಂದು ಹಂಚೂ ನೋಡಿ. ಮೀಡಿಯಾದಲ್ಲಿ ಎರಡು ಸಲ ನೆನೆಸದೆ ಕೋಶ ಹಾಕಬೇಡಿ.

ಮೊದಲ ಸಲವೇ ಏರುಪೇರು ನಲವತ್ತೈದರಿಂದ ಇಪ್ಪತ್ತೆರಡಕ್ಕೆ ಇಳಿಯಿತು. ಸಿಹಿ ಹಂಚಿದೆವು. ಅಲ್ಲಿಂದ ಕೆಳಗೆ ಅದು ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಏಪ್ರಿಲ್ ಪೂರ್ತಿ ನಾನು ಎತ್ತರದ ಹಿಂದೆ ಬಿದ್ದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ನಲ್ಲಿ ಶೇಕಡ ಐದು ಇಂಗಾಲದ ಡೈಆಕ್ಸೈಡ್ ಇಟ್ಟರೂ ಕೋಶಕ್ಕೆ ನಿಜವಾಗಿ ಸಿಗುವುದು ಕರಾವಳಿಯಲ್ಲಿ ಸಿಗುವುದಕ್ಕಿಂತ ಕಮ್ಮಿ. ಸರಿದೂಗಿಸಲು 5.7ಕ್ಕೆ ಏರಿಸಬೇಕು. ಲೆಕ್ಕ ಸರಿಯೇ ಇತ್ತು. ಸೆಮಿನಾರಿನಲ್ಲಿ ಚಪ್ಪಾಳೆಯೂ ಬಿತ್ತು. ಆದರೆ ಅದರಿಂದ ಮೀಡಿಯಾದ ಪಿಎಚ್, ಅಂದರೆ ಹುಳಿಯ ಮಟ್ಟದಲ್ಲಿ, ಆಗುವ ವ್ಯತ್ಯಾಸ 0.06. ಏರಿಸಿದ ಮೇಲೂ ಇಪ್ಪತ್ತೆರಡು ಇಪ್ಪತ್ತೆರಡೇ. ನಮ್ಮೂರೇ ವಿಶೇಷ ಎಂದುಕೊಳ್ಳುವ ಚಟ ಲ್ಯಾಬಿನ ಒಳಗೂ ಬಿಡುವುದಿಲ್ಲ.

ನಿಜ ಕಾರಣ ಕಂಡದ್ದು ಅಣ್ಣನ ಮಾರ್ಕರ್ ಪೆನ್ನಿನಿಂದ. ಒಂದು ಸಲಕ್ಕೆ ಎಂಟು ಹಂಚು ತುಂಬುತ್ತಿದ್ದೆ. ಪೇರಿಸುವಾಗ ಕಲಸಿಹೋಗದಿರಲಿ ಎಂದು ಅವರು ನಾನು ತುಂಬಿದ ಕ್ರಮದಲ್ಲೇ ಮುಚ್ಚಳದ ಮೇಲೆ 1ರಿಂದ 8ರವರೆಗೆ ಬರೆದಿಡುತ್ತಿದ್ದರು. ನಾನು ಆ ಅಂಕಿಗಳನ್ನು ಒಂದು ದಿನವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ, ಬೇರೆ ಕೆಲಸವಿಲ್ಲದೆ, ಇಮೇಜ್‌ಜೆ ಎಂಬ ತಂತ್ರಾಂಶದಲ್ಲಿ ಅಳೆದ ಅಡ್ಡಳತೆಗಳನ್ನು ಮುಚ್ಚಳದ ಅಂಕಿಯ ಎದುರು ಜೋಡಿಸಿದೆ. ಒಂದನೇ ಹಂಚಿನ ಕಾಳು ದಪ್ಪ, ಎರಡನೆಯದು ಸ್ವಲ್ಪ ಕಡಿಮೆ, ಎಂಟನೆಯದು ಪೀಚು. ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಹಿಂದಿನ ಬ್ಯಾಚುಗಳ ಫೋಟೋ ತೆಗೆದು ನೋಡಿದರೆ ಎಲ್ಲದರಲ್ಲೂ ಅದೇ ಇಳಿಜಾರು.

ಎಂಟು ಹಂಚು ತುಂಬಲು ನನಗೆ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಟ್ಯೂಬಿನಲ್ಲಿ ಕೋಶಗಳು ಮೆಲ್ಲಗೆ ತಳಕ್ಕಿಳಿಯುತ್ತಿದ್ದವು. ನಾನು ತಳದಿಂದಲೇ ಎಳೆಯುತ್ತಿದ್ದೆ. ಮೊದಲ ಹಂಚುಗಳಿಗೆ ಗಸಿ, ಕೊನೆಯವಕ್ಕೆ ತಿಳಿ. ಸಾರು ಬಡಿಸುವ ಮುಂಚೆ ಸೌಟಿನಿಂದ ತಿರುವಬೇಕೆಂದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಇಷ್ಟು ಓದಿ ನಾನು ಅದನ್ನೇ ಮರೆತಿದ್ದೆ. ಈಗ ಪ್ರತಿ ಹಂಚಿಗೆ ಮುಂಚೆ ಟ್ಯೂಬನ್ನು ಮೂರು ಸಲ ಮೆಲ್ಲಗೆ ಮಗುಚುತ್ತೇನೆ, ನಾಲ್ಕಕ್ಕಿಂತ ಹೆಚ್ಚು ಹಂಚು ಒಂದು ಟ್ಯೂಬಿನಿಂದ ತುಂಬುವುದಿಲ್ಲ.

ಇಳಿಜಾರು ಹೋಯಿತು, ಹದಿನಾಲ್ಕಕ್ಕೆ ಬಂತು. ಉಳಿದದ್ದು ಎರಡು ಕಡೆ ಸಿಕ್ಕಿತು. ಒಂದು, ಎಣಿಕೆ: ಬಿಡಿಸಿದ ಕೋಶಗಳಲ್ಲಿ ಜೋಡಿ, ಮೂರು ಅಂಟಿಕೊಂಡ ಮುದ್ದೆಗಳಿದ್ದವು. 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಲೆಕ್ಕ ಹತ್ತಿರ ಬಂದರೆ ಮಾತ್ರ ಮುಂದೆ. ಎರಡು, ಅವಸರ: ತುಂಬಿದ ಕೂಡಲೇ ಹಂಚನ್ನು ಎತ್ತಿ ಇನ್‌ಕ್ಯುಬೇಟರ್‌ಗೆ ಒಯ್ಯುತ್ತಿದ್ದೆ. ಒಯ್ಯುವಾಗಿನ ಅಲುಗಾಟಕ್ಕೆ ಕೋಶಗಳು ನಡುವಿಗೆ ಸೇರಿ, ಮಧ್ಯದ ಗುಳಿ ತುಂಬಿ, ಅಂಚಿನವು ಬಡವಾಗುತ್ತಿದ್ದವು. ಈಗ ಹದಿನೈದು ನಿಮಿಷ ಹುಡ್‌ನಲ್ಲೇ ಬಿಡುತ್ತೇವೆ. ಆ ಹದಿನೈದು ನಿಮಿಷ ಆ ಮೇಜಿಗೆ ಯಾರೂ ಮೊಣಕೈ ಊರುವ ಹಾಗಿಲ್ಲ. ಅಣ್ಣ ಮೊಬೈಲಿನಲ್ಲಿ ಅಲಾರಂ ಇಟ್ಟು ಕಾವಲು ನಿಲ್ಲುತ್ತಾರೆ.

ಜೂನ್ ಬಂತು, ಮಳೆ ಹಿಡಿಯಿತು, ಮಡಿಕೇರಿಯಲ್ಲಿ ಚರ್ಮದ ಬೆಲ್ಟಿಗೂ ಪುಸ್ತಕಕ್ಕೂ ಬೂಸ್ಟು ಬರುವ ಕಾಲ. ಪ್ಲೇಟುಗಳಲ್ಲೂ ಹತ್ತಿ ನೂಲಿನಂಥದ್ದು ಕಾಣಿಸಿತು. ಸತತ ಎರಡು ಬ್ಯಾಚು ಹೋಯಿತು. ಇಲ್ಲಿ ಮಾತ್ರ ಎತ್ತರಕ್ಕೂ ಒಂದು ಪಾಲಿತ್ತು. ನಮ್ಮದು ಒತ್ತಡದ ಮುಳ್ಳು ಮಾತ್ರ ಇರುವ ಹಳೆಯ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ. ಮುಳ್ಳು 15 ಪೌಂಡ್ ತೋರಿಸಿದರೆ 121 ಡಿಗ್ರಿ ಎಂಬುದು ಸಮುದ್ರ ಮಟ್ಟದ ಲೆಕ್ಕ. ಇಲ್ಲಿ ಅದೇ 15ಕ್ಕೆ ಸಿಗುವುದು ಸುಮಾರು 119. ಈಗ 17ರ ಹತ್ತಿರ ಇಟ್ಟು, ಉಷ್ಣತೆಯನ್ನೇ ಬೇರೆಯಾಗಿ ಅಳೆಯುತ್ತೇವೆ. ಬೆಟ್ಟದ ಊರಿನವರು ಇದನ್ನೊಂದು ಪರೀಕ್ಷಿಸಿ. ಆದರೆ ದೊಡ್ಡ ಅಪರಾಧಿ ರಟ್ಟಿನ ಡಬ್ಬಿಗಳು. ಕೈಗವಸು, ಟಿಪ್ಸ್ ಬಂದ ರಟ್ಟನ್ನೆಲ್ಲ ಕಲ್ಚರ್ ರೂಮಿನ ಅಟ್ಟದ ಮೇಲೆ ಪೇರಿಸಿದ್ದೆವು. ಒಂದನ್ನು ಇಳಿಸಿ ನೋಡಿದರೆ ತಳ ಹಸಿರು ವೆಲ್ವೆಟ್. ಎಲ್ಲ ಹೊರಗೆ ಹಾಕಿ, ಇನ್‌ಕ್ಯುಬೇಟರ್ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ, ಕೊಡೆ ಚಪ್ಪಲಿಗಳಿಗೆ ಕಾರಿಡಾರಿನ ಆಚೆ ಜಾಗ ಮಾಡಿದ ಮೇಲೆ ನಿಂತಿತು. ಮೈಕೊಪ್ಲಾಸ್ಮಾವೂ ಒಮ್ಮೆ ಬಂದು ಹೋಯಿತು. ಅದಕ್ಕೆ ಔಷಧ ಹುಡುಕುವ ಬದಲು ಎಲ್ಲ ಎಸೆದು ಎರಡನೇ ಸೀಸೆ ತೆಗೆದೆವು.

ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಒಂದೂವರೆ ದಿನ ಕರೆಂಟಿಲ್ಲ. ಜನರೇಟರ್ ಇತ್ತು, ಡೀಸೆಲ್ ಇತ್ತು, ಧೈರ್ಯವೂ ಇತ್ತು. ಕರೆಂಟಿನಿಂದ ಜನರೇಟರಿಗೆ ಬದಲಾಗುವ ಅರ್ಧ ನಿಮಿಷದಲ್ಲಿ ಇನ್‌ಕ್ಯುಬೇಟರ್ ಆರಿ ಹೊತ್ತಿ, ಬಿಸಿ ಮಾತ್ರ ಶುರುವಾಗಿ, ಗ್ಯಾಸಿನ ಭಾಗ ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಾ ಕೂತಿತ್ತು. ಬೆಳಿಗ್ಗೆ ಅಣ್ಣ ನನಗೆ ಫೋನ್ ಮಾಡಿ, "ಮೇಡಂ, ಶರಬತ್ತಿನ ಬಣ್ಣ ತಿರುಗಿದೆ" ಎಂದರು. ಕಿತ್ತಳೆ ಕೆಂಪು ಇರಬೇಕಾದ ಮೀಡಿಯಾ ನೇರಳೆ ಗುಲಾಬಿಯಾಗಿತ್ತು. ಹದಿನೆಂಟನೇ ದಿನದ ಬ್ಯಾಚು, ಏರುಪೇರು ಹತ್ತೂವರೆಗೆ ಬಂದಿದ್ದದ್ದು. ಅವತ್ತು ನಾನು ರಾಜಾಸೀಟಿನ ಬೆಂಚಿನ ಮೇಲೆ ಮಂಜಿನಲ್ಲಿ ಒಂದು ಗಂಟೆ ಕೂತು ಬಂದೆ. ಎದುರಿಗೆ ಏನೂ ಕಾಣುತ್ತಿರಲಿಲ್ಲ. ಇನ್‌ಕ್ಯುಬೇಟರಿಗೆ ಪ್ರತ್ಯೇಕ ಯುಪಿಎಸ್ ಹಾಕಿಸಿ, ಜನರೇಟರ್ ಇದ್ದರೂ ಹಾಕಿಸಿ. ನಮಗೆ ಅದಕ್ಕೆ ಬಿದ್ದ ಖರ್ಚು ಆ ಒಂದು ಬ್ಯಾಚಿನ ಆಕ್ಟಿವಿನ್‌ಗಿಂತ ಕಡಿಮೆ.

ಆಗಸ್ಟ್‌ನ ಮೂರು ಬ್ಯಾಚು ಒಂಬತ್ತು ಚಿಲ್ಲರೆ, ಎಂಟೂವರೆ, ಒಂಬತ್ತು. ಕಾಳು 200 ಮೈಕ್ರಾನ್ ಆಸುಪಾಸು. ಲಿವರ್ ತಯಾರಿಸುವ ಆಲ್ಬುಮಿನ್ ಪ್ರೋಟೀನ್ ಮೀಡಿಯಾದಲ್ಲಿ ಎಲೈಸಾ ಪರೀಕ್ಷೆಗೆ ಸಿಗುತ್ತಿದೆ, ರಿಫಾಂಪಿಸಿನ್ ಔಷಧ ಕೊಟ್ಟರೆ ಮಾತ್ರೆಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವ ಏರುತ್ತಿದೆ. ಆದರೆ ಎಳೆಯ ಲಿವರಿನ ಗುರುತಾದ ಎಎಫ್‌ಪಿ ಪ್ರೋಟೀನೂ ಜೋರಾಗಿದೆ, ಅಂದರೆ ಇದು ಇನ್ನೂ ಹಸುಗೂಸಿನ ಲಿವರ್. ಬೆಳೆದವರ ಲಿವರ್ ಎಂದು ವರದಿಯಲ್ಲಿ ಬರೆದುಕೊಳ್ಳಬೇಡಿ, ಕೇಳುವವರು ಕೇಳುತ್ತಾರೆ.

ಮೊನ್ನೆ ಮತ್ತೆ ಪ್ಯಾರಸಿಟಮಾಲ್ ಹಾಕಿದೆ. ಅದು ಲಿವರಿನಲ್ಲಿ ಒಡೆದು ಎನ್ಎಪಿಕ್ಯುಐ ಎಂಬ ವಿಷವಾಗಿ ಗ್ಲುಟಾಥಯೋನನ್ನು ಬರಿದು ಮಾಡುತ್ತದೆ. ಹಾಗಾಗಿ ಒಂದು ಸಾಲಿಗೆ ಮದ್ದಾದ ಎನ್-ಅಸಿಟೈಲ್ ಸಿಸ್ಟೀನನ್ನೂ ಸೇರಿಸಿದ್ದೆ. 96 ಗುಳಿಯ ಪ್ಲೇಟಿನಲ್ಲಿ ಹೊರ ಸುತ್ತಿನ 36ಕ್ಕೆ ಬರೀ ಲವಣದ ನೀರು, ಏಕೆಂದರೆ ಅಂಚಿನವು ಬೇಗ ಆರುತ್ತವೆ. ಉಳಿದ 60ರಲ್ಲಿ ಒಂದೊಂದು ಕಾಳು. ಡೋಸು ಏರಿದಂತೆ ಎಟಿಪಿ ಇಳಿಯಿತು, ಮದ್ದು ಹಾಕಿದ ಸಾಲಿನಲ್ಲಿ ಕಡಿಮೆ ಇಳಿಯಿತು. ಮೇಡಂ ಈ ಗ್ರಾಫನ್ನೂ ಒಂದು ನಿಮಿಷ ನೋಡಿದರು. "ಸರಿ, ಇನ್ನೆರಡು ಸಲ ಮಾಡಿ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು, ಆಗಸ್ಟ್ 3ಕ್ಕೆ, ಎಂ.ಎಸ್ಸಿ. ಹುಡುಗಿಯೊಬ್ಬಳು ಮನೆಯಿಂದ ಮದ್ದು ಸೊಪ್ಪಿನ ರಸ ತಂದು ಇದನ್ನೂ ಹಾಕಿ ನೋಡೋಣ ಅಕ್ಕ ಎಂದಳು. ಪಾಯಸಕ್ಕೆ ಹಾಕುವ ಅದೇ ಕಡು ನೇರಳೆ ರಸ. ಕಾಳಿಗೆ ಹಾಕುವ ಮುಂಚೆ ಕೋಶವೇ ಇಲ್ಲದ ಗುಳಿಗೆ ಎಟಿಪಿ ಜೊತೆ ಹಾಕಿಸಿದೆ. ಬೆಳಕಿನ ಓದು ಅರ್ಧಕ್ಕರ್ಧ ಕುಸಿಯಿತು. ಸತ್ತದ್ದು ಯಾರೂ ಅಲ್ಲ, ಬಣ್ಣ ಬೆಳಕನ್ನು ನುಂಗಿತ್ತು. ಸೊಪ್ಪು, ಕಷಾಯ ಪರೀಕ್ಷಿಸುವ ಆಸೆಯಿರುವವರು ಈ ಖಾಲಿ ಗುಳಿಯ ಸಾಲನ್ನು ಬಿಡಲೇಬೇಡಿ. ರಸವನ್ನು ತೊಳೆದು ತೆಗೆದು ಓದುವ ದಾರಿಯನ್ನು ಅವಳೀಗ ಹುಡುಕುತ್ತಿದ್ದಾಳೆ.

ಖರ್ಚು ಕೇಳುವವರಿಗೆ: ಉಪಕರಣ ಬಿಟ್ಟು ಹದಿನಾಲ್ಕು ತಿಂಗಳಿಗೆ ಏಳು ಲಕ್ಷದ ಹತ್ತಿರ, ಅದರಲ್ಲಿ ಎಸೆದ ಬ್ಯಾಚುಗಳದ್ದೇ ಅರ್ಧ. ಸಿಲಿಕೋನ್ ಅಚ್ಚು ನಮ್ಮಲ್ಲಿ ಆರು ಇವೆ, ಎರಡನ್ನು ಕಡ ಕೊಡಬಲ್ಲೆವು. ಮಳೆ ನಿಂತ ಮೇಲೆ ಬನ್ನಿ. ಒಯ್ಯಲು ಪ್ಲಾಸ್ಟಿಕ್ ಡಬ್ಬಿ ತನ್ನಿ, ರಟ್ಟಿನದಾದರೆ ಅಣ್ಣ ಬಾಗಿಲಲ್ಲೇ ತಡೆಯುತ್ತಾರೆ.